ಮಸ್ಕಿ ಕ್ಷೇತ್ರ: 213 ಮತದ ಅಂತರ ಮೂರೇ ವರ್ಷದಲ್ಲಿ 30,606 ಆಗಿದ್ದು ಹೇಗೆ?

ಮಸ್ಕಿ ಬೆಟ್ಟ

ಎಲ್ಲರಿಗೂ ನಮಸ್ಕಾರ. 2021ರ ಮಸ್ಕಿ ಉಪಚುನಾವಣೆ ಮಾತು ಬಂದಾಗೆಲ್ಲ ಹೊರಗಿನವರು ಒಂದೇ ಮಾತು ಹೇಳುತ್ತಾರೆ. "ಪಕ್ಷ ಬಿಟ್ಟವರಿಗೆ ಜನ ಪಾಠ ಕಲಿಸಿದರು" ಅಂತ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ನಮ್ಮ ಜನ ಯಾಕೆ ಹಾಗೆ ಓಟು ಹಾಕಿದರು ಅನ್ನುವುದನ್ನು ನಾವೇ ಕೂತು ಮಾತಾಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ಮಸ್ಕಿ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ಅಶೋಕನ ಹೆಸರೇ ಇದೆ. ವಿಧಾನಸಭಾ ಕ್ಷೇತ್ರವಾಗಿ ಮಸ್ಕಿ ಕಣಕ್ಕೆ ಬಂದಿದ್ದು ಮಾತ್ರ 2008ರ ಮರುವಿಂಗಡಣೆ ಆದಮೇಲೆ. ಲಿಂಗಸುಗೂರು, ಸಿಂಧನೂರು, ಮಾನ್ವಿ, ಈ ಮೂರೂ ತಾಲೂಕುಗಳ ಹಳ್ಳಿಗಳನ್ನು ಸೇರಿಸಿ ಮಾಡಿದ್ದು. ಪರಿಶಿಷ್ಟ ಪಂಗಡಕ್ಕೆ ಮೀಸಲು. ಜಿಲ್ಲೆ ರಾಯಚೂರು, ಲೋಕಸಭೆಗೆ ಮಾತ್ರ ಕೊಪ್ಪಳ. ಎಂಪಿ ಕಂಡು ಮಾತಾಡಬೇಕು ಅಂದರೆ ಒಂದು ದಿಕ್ಕು, ಡಿಸಿ ಕಚೇರಿಗೆ ಇನ್ನೊಂದು ದಿಕ್ಕು.

2008ರಲ್ಲಿ ಬಿಜೆಪಿಯಿಂದ ಪ್ರತಾಪಗೌಡ ಪಾಟೀಲ ಗೆದ್ದರು. 2013ರಲ್ಲಿ ಅವರೇ ಕಾಂಗ್ರೆಸ್‌ನಿಂದ ಗೆದ್ದರು. 2018ರಲ್ಲಿ ಮತ್ತೆ ಕಾಂಗ್ರೆಸ್‌ನಿಂದ ಅವರೇ. ಆ ಸಲ ಅವರಿಗೆ ಬಂದಿದ್ದು 60,387 ಮತ. ಬಿಜೆಪಿಯ ಬಸನಗೌಡ ತುರ್ವಿಹಾಳ ಅವರಿಗೆ 60,174. ಅಂತರ 213. ಆಮೇಲೆ 2019ರ ಜುಲೈನಲ್ಲಿ ಪಾಟೀಲರ ರಾಜೀನಾಮೆ, ಅನರ್ಹತೆ, ಮುಂದೆ ಬಿಜೆಪಿ ಸೇರ್ಪಡೆ. 2021ರ ಏಪ್ರಿಲ್ 17ಕ್ಕೆ ಉಪಚುನಾವಣೆ, ಮೇ 2ಕ್ಕೆ ಫಲಿತಾಂಶ. ತುರ್ವಿಹಾಳ ಕಾಂಗ್ರೆಸ್‌ನಿಂದ 86,337, ಪಾಟೀಲರು ಬಿಜೆಪಿಯಿಂದ 55,731. ಅಂತರ 30,606.

ಗಮನಿಸಿ, ಇಬ್ಬರೂ ಹಳಬರೇ. ಪಕ್ಷ ಅದಲು ಬದಲು ಆಗಿತ್ತು ಅಷ್ಟೇ. ಹಂಗಾದರೆ ಪಕ್ಷ ಬಿಟ್ಟಿದ್ದಕ್ಕೇ ಶಿಕ್ಷೆ ಅಂದರೆ ಹೇಗೆ? ಗೆದ್ದವರೂ ಪಕ್ಷ ಬಿಟ್ಟು ಬಂದವರೇ ಅಲ್ವಾ?

ಸಿಂಧನೂರು ರೈಸ್‌ಮಿಲ್

ಅಣ್ಣ, ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಬರೀ ಲೆಕ್ಕ ಹೇಳುತ್ತೇನೆ.

ಪಾಟೀಲರಿಗೆ 2018ಕ್ಕಿಂತ 2021ರಲ್ಲಿ ಕಡಿಮೆ ಆಗಿದ್ದು 4,656 ಮತ. ಅಷ್ಟೇ. ತುರ್ವಿಹಾಳ ಅವರಿಗೆ ಜಾಸ್ತಿ ಆಗಿದ್ದು 26,163. ಅಂದರೆ ಪಾಟೀಲರ ಕೈಯಿಂದ ಜನ ದೊಡ್ಡದಾಗಿ ಜಾರಿ ಹೋಗಲಿಲ್ಲ. ಎದುರಾಳಿ ಕಡೆ ಹೊಸ ಮತ ಬಂದು ಕೂಡಿತು. ಎಲ್ಲಿಂದ ಬಂತು? 2018ರಲ್ಲಿ ಜೆಡಿಎಸ್ ಅಭ್ಯರ್ಥಿ ಕಣದಲ್ಲಿದ್ದರು. 2021ರಲ್ಲಿ ಜೆಡಿಎಸ್ ಇಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಆ ಮತ ಎಲ್ಲೋ ಒಂದು ಕಡೆ ಹೋಗಲೇಬೇಕಲ್ಲ. ಮೂರು ಪಾಲು ಆಗುತ್ತಿದ್ದ ಮತ ಎರಡೇ ಪಾಲು ಆಯಿತು. ಅಂತರ ಹಿಗ್ಗಿದ್ದಕ್ಕೆ ಇದೂ ಒಂದು ಕಾರಣ.

ಮಸ್ಕಿ ಬೆಟ್ಟ

ಒಪ್ಪುತ್ತೇನೆ ಅಣ್ಣ. ಆದರೆ ಜೆಡಿಎಸ್ ಮತ ಪೂರ್ತಿ ಒಂದೇ ಕಡೆ ಬಂತು ಅಂದುಕೊಂಡರೂ 26 ಸಾವಿರ ಕೂಡುವುದಿಲ್ಲ. ಇನ್ನೊಂದು ಮಾತು. ನೀವು ಅಂದ 4,656 ಮೇಲುಮೇಲಿನ ಲೆಕ್ಕ. ಒಳಗೆ ತುಂಬಾ ಓಡಾಟ ಆಗಿದೆ. ಕೈ ಗುರುತಿಗೇ ಓಟು ಹಾಕುವ ಮನೆಗಳು ನಮ್ಮಲ್ಲಿ ಎಷ್ಟಿವೆ ನೋಡಿ. ಅವರೆಲ್ಲ 2018ರಲ್ಲಿ ಪಾಟೀಲರಿಗೆ ಹಾಕಿದ್ದರು, 2021ರಲ್ಲಿ ತುರ್ವಿಹಾಳರಿಗೆ ಹಾಕಿದರು. ಕಮಲದ ಮನೆಗಳು ಇದರ ಉಲ್ಟಾ. ಎರಡೂ ಕಡೆ ಸಾವಿರಾರು ಜನ ನಿನ್ನೆ ಯಾರ ವಿರುದ್ಧ ಊರೂರು ತಿರುಗಿದ್ದರೋ ಅವರಿಗೇ ಓಟು ಕೇಳಬೇಕಾಯಿತು. ಹಳ್ಳಿಯಲ್ಲಿ ಅದು ಎಷ್ಟು ಕಷ್ಟ ಅಂತ ಬೂತಿನಲ್ಲಿ ಕೂತವರಿಗೆ ಗೊತ್ತು. ಹಿಂದಿನ ಚುನಾವಣೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಈ ಸಲ ಒಂದೇ ಪೆಂಡಾಲಿನಲ್ಲಿ ಕೂರಬೇಕಿತ್ತು.

ಪಾಮನಕಲ್ಲೂರು ಕಡೆಯವ

ಲೆಕ್ಕ ಎಲ್ಲಾ ಸರಿ. ನೀರಿನ ಮಾತು ಯಾಕೆ ಯಾರೂ ಎತ್ತುತ್ತಿಲ್ಲ?

ನಮ್ಮ ಕಡೆ ಒಣಭೂಮಿ. ತೊಗರಿ, ಸಜ್ಜೆ, ಜೋಳ, ಹತ್ತಿ. ಮಳೆ ಬಂದರೆ ಬೆಳೆ, ಇಲ್ಲಾಂದ್ರೆ ಗುಳೆ, ಅಂದರೆ ಕೆಲಸ ಹುಡುಕಿ ಊರು ಬಿಡುವುದು. ಅದೇ ಕ್ಷೇತ್ರದಲ್ಲಿ ಸಿಂಧನೂರು ಕಡೆಯ ಹಳ್ಳಿಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತ ಬೆಳೆಯುತ್ತಾರೆ. ಈ ಕಡೆ ಕೃಷ್ಣಾ, ನಾರಾಯಣಪುರ ಬಲದಂಡೆ ಕಾಲುವೆ. ನಾವು ಮಧ್ಯದಲ್ಲಿ ಎರಡೂ ಇಲ್ಲದವರು. ಆ ಬಲದಂಡೆ ಕಾಲುವೆಗೆ 5ಎ ಶಾಖಾ ಕಾಲುವೆ ಮಾಡಿ ನಮಗೆ ಹರಿನೀರು ಕೊಡಿ ಅನ್ನುವುದು ಹಳೆ ಬೇಡಿಕೆ. 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. ಒಂದೆರಡು ದಿನದ ಧರಣಿ ಅಲ್ಲ ಅದು. ಚಳಿ ಹೋಗಿ ಬಿಸಿಲು ಬಂದರೂ ಪೆಂಡಾಲು ಬಿಚ್ಚಲಿಲ್ಲ. ಹೆಣ್ಣುಮಕ್ಕಳೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಕೂತರು.

ಆಗಿನ ಬಿಜೆಪಿ ಸರ್ಕಾರದ ಕಡೆಯಿಂದ ಬಂದ ಉತ್ತರ ಏನು? 5ಎ ಆಗುವುದಿಲ್ಲ, ಅದರ ಬದಲು ವಟಗಲ್ ಬಸವೇಶ್ವರ ಏತ ನೀರಾವರಿ ಮಾಡುತ್ತೇವೆ ಅಂತ. ರೈತರು ಒಪ್ಪಲಿಲ್ಲ. ಏತ ನೀರಾವರಿ ಅಂದರೆ ಮೋಟರು, ಕರೆಂಟು, ರಿಪೇರಿ. ಒಂದು ಪಂಪು ಕೆಟ್ಟರೆ ಸೀಜನ್ನೇ ಹೋಗುತ್ತದೆ. ಕಾಲುವೆಯಲ್ಲಿ ನೀರು ತಾನಾಗೇ ಹರಿದು ಬರುತ್ತದೆ. ಈ ಫರಕು ಹೊಲ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಉಪಚುನಾವಣೆಗೆ ಮಂತ್ರಿಗಳು ಸಾಲುಸಾಲಾಗಿ ಬಂದರು. ಹಳ್ಳಿಗೊಬ್ಬ ಉಸ್ತುವಾರಿ. ನಮ್ಮ ಕಡೆ ಅವರಿಗೆಲ್ಲ ಜನ ಕೇಳಿದ್ದು ಒಂದೇ ಪ್ರಶ್ನೆ, 5ಎ ಏನಾಯಿತು? ಅದಕ್ಕೆ ನೇರ ಉತ್ತರ ಇರಲಿಲ್ಲ. ನಮ್ಮ ಓಟು ಅಲ್ಲೇ ತೀರ್ಮಾನ ಆಯಿತು.

ಲಿಂಗಸುಗೂರು ವಕೀಲ

ಪಾಮನಕಲ್ಲೂರಿನವರ ಮಾತು ಮುಖ್ಯ. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ. ಈ ಕ್ಷೇತ್ರ ಶಾಸಕರೇ ಇಲ್ಲದೆ ಎಷ್ಟು ಕಾಲ ಇತ್ತು ಅಂತ ಯಾರಾದರೂ ಎಣಿಸಿದ್ದೀರಾ? 2019ರ ಜುಲೈ 28ರಂದು ಸ್ಪೀಕರ್ ಪಾಟೀಲರನ್ನು ಅನರ್ಹಗೊಳಿಸಿದರು. ಹೊಸ ಶಾಸಕರು ಬಂದಿದ್ದು 2021ರ ಮೇನಲ್ಲಿ. 21 ತಿಂಗಳು. ಐದು ವರ್ಷದ ಅವಧಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ.

ಯಾಕೆ ಹೀಗಾಯಿತು ಅಂದರೆ, 2018ರ 213 ಮತದ ಫಲಿತಾಂಶವನ್ನು ತುರ್ವಿಹಾಳ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರು. ಚುನಾವಣಾ ತಕರಾರು ಅರ್ಜಿ. ಕೋರ್ಟು ಅರ್ಜಿದಾರರೇ ಗೆದ್ದಿದ್ದಾರೆ ಅಂತ ತೀರ್ಪು ಕೊಡುವ ಅವಕಾಶ ಇರುತ್ತದೆ. ಹಾಗೆ ಕೊಟ್ಟರೆ ಸೀಟು ಖಾಲಿಯೇ ಅಲ್ಲ. ಅದಕ್ಕೇ ಅರ್ಜಿ ಬಾಕಿ ಇರುವ ಕಡೆ ಚುನಾವಣಾ ಆಯೋಗ ಕಾಯುತ್ತದೆ. ಆಗ ರಾಜ್ಯದಲ್ಲಿ ಒಟ್ಟು 17 ಶಾಸಕರು ಅನರ್ಹರಾಗಿದ್ದರು, ಅವರ ಕ್ಷೇತ್ರಗಳಲ್ಲಿ 15ಕ್ಕೆ 2019ರ ಡಿಸೆಂಬರ್ 5ರಂದೇ ಮತದಾನ ಆಯಿತು. ಉಳಿದಿದ್ದು ಎರಡೇ, ಬೆಂಗಳೂರಿನ ರಾಜರಾಜೇಶ್ವರಿ ನಗರ ಮತ್ತು ಮಸ್ಕಿ. ರಾಜರಾಜೇಶ್ವರಿ ನಗರಕ್ಕೆ 2020ರ ನವೆಂಬರಿನಲ್ಲಿ ಆಯಿತು. ಮಸ್ಕಿ ಎಲ್ಲರಿಗಿಂತ ಕೊನೆ.

ಖಾಲಿ ಸೀಟು ಆರು ತಿಂಗಳ ಒಳಗೆ ತುಂಬಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಹೇಳುತ್ತದೆ. ಆದರೆ ಅದರಲ್ಲೇ ವಿನಾಯಿತಿಗೂ ದಾರಿ ಇದೆ. ಕಾನೂನಿನ ದೃಷ್ಟಿಯಲ್ಲಿ ತಡ ಆಗಿದ್ದಕ್ಕೆ ಕಾರಣ ಸಿಗುತ್ತದೆ. ಆದರೆ ಆಶ್ರಯ ಮನೆ, ಪಿಂಚಣಿ, ಬೋರ್‌ವೆಲ್ ಅಂತ ಅರ್ಜಿ ಹಿಡಿದು ಓಡಾಡಿದವರಿಗೆ ಕಲಂ ಹೇಳಿದರೆ ಆಗುತ್ತಾ? ನನ್ನ ಹತ್ತಿರ ಬರುವ ಕಕ್ಷಿದಾರರೇ ಕೇಳುತ್ತಿದ್ದರು, ವಕೀಲರೇ, ಈಗ ನಮ್ಮ ಎಮ್ಮೆಲ್ಲೆ ಯಾರು ಅಂತ.

ಬಳಗಾನೂರು ಟೀಚರ್

ವಕೀಲ ಸರ್, ನೀವು ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. ಆ 21 ತಿಂಗಳಲ್ಲಿ ಕೊರೊನಾ ಬಂತು. ಲಾಕ್‌ಡೌನ್ ಆಯಿತು. ಬೆಂಗಳೂರಿಗೆ ಗುಳೆ ಹೋದವರೆಲ್ಲ ವಾಪಸ್ ಬಂದರು. ಶಾಲೆಗಳೇ ಕ್ವಾರಂಟೈನ್ ಕೇಂದ್ರ ಆದವು. ಅಂಥ ಹೊತ್ತಲ್ಲಿ ಊರಿಗೆ ಒಬ್ಬ ಶಾಸಕರು ಇರಬೇಕಿತ್ತು. ಮಾಜಿ ಶಾಸಕರು ಬಂದು ಹೋಗುವುದು ಬೇರೆ, ಸದನದಲ್ಲಿ ಎದ್ದು ನಿಂತು ನಮ್ಮ ತಾಲೂಕಿಗೆ ಏನು ಕೊಟ್ಟಿರಿ ಅಂತ ಕೇಳುವವರು ಇರುವುದು ಬೇರೆ. ತಾಲೂಕಾದರೂ ಹೊಸದು, ಕಚೇರಿಗಳು ಒಂದೊಂದಾಗಿ ಬರಬೇಕಿತ್ತು. ಕೇಳುವವರಿಲ್ಲದೆ ಎಲ್ಲವೂ ನಿಧಾನ ಆಯಿತು.

ಜಾತಿ ಬಗ್ಗೆಯೂ ಹೇಳುತ್ತೇನೆ. ಹೊರಗಿನವರು ಗೌಡ, ಪಾಟೀಲ ಅಂತ ನೋಡಿ ಲಿಂಗಾಯತರು ಅಂದುಕೊಳ್ಳುತ್ತಾರೆ. ಇಬ್ಬರೂ ನಾಯಕ ಸಮಾಜದವರು. ಗೌಡಕಿ ಇದ್ದ ಮನೆತನಗಳಿಗೆ ನಮ್ಮ ಕಡೆ ಎಲ್ಲ ಸಮಾಜದಲ್ಲೂ ಆ ಹೆಸರು ಇದೆ. ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಐದು ಮೀಸಲು. ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ. ಲಿಂಗಸುಗೂರು ಪರಿಶಿಷ್ಟ ಜಾತಿಗೆ. ಸಾಮಾನ್ಯ ಅಂತ ಉಳಿದಿದ್ದು ರಾಯಚೂರು ನಗರ, ಸಿಂಧನೂರು ಮಾತ್ರ. ಮೀಸಲು ಕ್ಷೇತ್ರದಲ್ಲಿ ಇಬ್ಬರು ಮುಖ್ಯ ಅಭ್ಯರ್ಥಿಗಳೂ ಒಂದೇ ಸಮಾಜದವರಾದಾಗ ಗೆಲುವು ಉಳಿದ ಸಮಾಜಗಳ ಕೈಯಲ್ಲಿ ಇರುತ್ತದೆ. ಲಿಂಗಾಯತರು, ಕುರುಬರು, ದಲಿತರು, ಮುಸ್ಲಿಮರು ಯಾವ ಕಡೆ ವಾಲುತ್ತಾರೆ ಅನ್ನುವುದೇ ಲೆಕ್ಕ. ಅದಕ್ಕೇ ಜಾತಿ ಒಂದನ್ನೇ ಹಿಡಿದು ಮಸ್ಕಿ ಫಲಿತಾಂಶ ಹೇಳಲು ಆಗುವುದಿಲ್ಲ.

ಕುಷ್ಟಗಿ ಕಾಕಾ

ಪಕ್ಕದ ಕ್ಷೇತ್ರದವನಾಗಿ ಮಾತು ಸೇರಿಸುತ್ತೇನೆ, ಬೇಜಾರಾಗಬೇಡಿ ತಮ್ಮಾ.

ಲಿಂಗಸುಗೂರು 2008ರಲ್ಲಿ ಮೀಸಲಾದಾಗ ಅಲ್ಲಿನ ಅಮರೇಗೌಡ ಬಯ್ಯಾಪುರ ನಮ್ಮ ಕುಷ್ಟಗಿಗೆ ಬಂದರು, ಗೆದ್ದರು. 2013ರಲ್ಲಿ ದೊಡ್ಡನಗೌಡ ಪಾಟೀಲ. 2018ರಲ್ಲಿ ಮತ್ತೆ ಬಯ್ಯಾಪುರ. 2023ರಲ್ಲಿ ಮತ್ತೆ ದೊಡ್ಡನಗೌಡ. ಸಿಂಧನೂರು ನೋಡಿ. 2008 ವೆಂಕಟರಾವ್ ನಾಡಗೌಡ, 2013 ಹಂಪನಗೌಡ ಬಾದರ್ಲಿ, 2018 ನಾಡಗೌಡ, 2023 ಬಾದರ್ಲಿ. ನಮ್ಮ ಸುತ್ತಮುತ್ತ ಜನ ಇಬ್ಬರನ್ನು ಇಟ್ಟುಕೊಂಡು ಒಂದು ಸಲ ಅವರಿಗೆ, ಒಂದು ಸಲ ಇವರಿಗೆ ಕೊಡುತ್ತಾರೆ. ಹಾಗಿರುವಾಗ ಮಸ್ಕಿಯಲ್ಲಿ ಒಬ್ಬರೇ ಸತತ ಮೂರು ಸಲ ಗೆದ್ದಿದ್ದೇ ವಿಶೇಷ. 213ಕ್ಕೆ ಇಳಿದಾಗಲೇ ಮುಂದಿನ ಸಲ ಕಷ್ಟ ಅಂತ ಕಾಣುತ್ತಿತ್ತು. 2019ರಲ್ಲಿ ರಾಜೀನಾಮೆ ಕೊಡದೇ ಇದ್ದಿದ್ದರೂ 2023ರಲ್ಲಿ ಬದಲಾವಣೆ ಬರುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ಮಸ್ಕಿ ಬೆಟ್ಟ

ಕಾಕಾ, ಬೇಜಾರು ಯಾಕೆ, ನೀವು ಹೇಳಿದ್ದು ನನ್ನ ಮಾತಿಗೇ ಬಲ ಕೊಟ್ಟಿತು. ನಮ್ಮ ಭಾಗದಲ್ಲಿ ಪಕ್ಷ ಬದಲಾಯಿಸಿದ್ದಕ್ಕೇ ಜನ ಸೋಲಿಸುವುದಿಲ್ಲ. ಲಿಂಗಸುಗೂರಿನಲ್ಲಿ ಮಾನಪ್ಪ ವಜ್ಜಲ್ 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2023ರಲ್ಲಿ ಮತ್ತೆ ಬಿಜೆಪಿಯಿಂದ ಗೆದ್ದರು. ದೇವದುರ್ಗದಲ್ಲಿ ಶಿವನಗೌಡ ನಾಯಕ 2008ರ ಮೇನಲ್ಲಿ ಜೆಡಿಎಸ್‌ನಿಂದ ಗೆದ್ದು, ಅದೇ ವರ್ಷ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. ಪ್ರತಾಪಗೌಡರೇ 2013ರಲ್ಲಿ ಪಕ್ಷ ಬದಲಿಸಿ ಗೆದ್ದಿದ್ದರು.

ರಾಜ್ಯದ ಲೆಕ್ಕ ತೆಗೆದುಕೊಳ್ಳಿ. ಅನರ್ಹರಾದವರಲ್ಲಿ 13 ಜನ 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತರು, 11 ಜನ ಗೆದ್ದರು. ಸೋತಿದ್ದು ಹೊಸಕೋಟೆ, ಹುಣಸೂರಿನಲ್ಲಿ ಮಾತ್ರ. ಆಮೇಲೆ ರಾಜರಾಜೇಶ್ವರಿ ನಗರದಲ್ಲೂ ಗೆದ್ದರು. ಅವರೆಲ್ಲರನ್ನೂ ಒಪ್ಪಿದ ಮತದಾರ ಮಸ್ಕಿಯಲ್ಲಿ ಮಾತ್ರ ಯಾಕೆ ಒಪ್ಪಲಿಲ್ಲ? ಆ 15 ಕ್ಷೇತ್ರಗಳಿಗೆ ನಾಲ್ಕೇ ತಿಂಗಳಲ್ಲಿ ಶಾಸಕರು ಸಿಕ್ಕರು. ಗೆದ್ದವರಲ್ಲಿ ಹೆಚ್ಚಿನವರು ಮಂತ್ರಿಗಳೂ ಆದರು. ಮಸ್ಕಿಗೆ ಸಿಕ್ಕಿದ್ದು ಕಾಯುವುದು. ರಾಜೀನಾಮೆ ಕೊಟ್ಟಿದ್ದಕ್ಕೆ ಅಂತ ಒಂದು ಲಾಭವನ್ನೂ ಊರು ಕಣ್ಣಾರೆ ಕಾಣಲಿಲ್ಲ. ಜೊತೆಗೆ ನೀರಿನ ಹೋರಾಟ ಅದೇ ಹೊತ್ತಿಗೆ ಬಂತು. ನನ್ನ ಪ್ರಕಾರ 30,606ರ ಬೇರು ಇಲ್ಲಿದೆ.

ಸಿಂಧನೂರು ರೈಸ್‌ಮಿಲ್

ಇದು ಸರಿ ಅನ್ನಿಸುತ್ತದೆ. ಆದರೆ ತುರ್ವಿಹಾಳ ಅವರ ಸ್ವಂತ ಓಡಾಟವನ್ನೂ ಬಿಡಬೇಡಿ. 213ರಲ್ಲಿ ಸೋತವರು ಅನ್ನುವ ಅನುಕಂಪ ಹಳ್ಳಿಹಳ್ಳಿಯಲ್ಲಿ ಇತ್ತು. ಬಿಜೆಪಿ ಸರ್ಕಾರ ಅವರಿಗೆ ಮುನಿರಾಬಾದಿನ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಅಧ್ಯಕ್ಷ ಸ್ಥಾನ ಕೊಟ್ಟು ಸಮಾಧಾನ ಮಾಡಿತ್ತು. 2020ರ ನವೆಂಬರಿನಲ್ಲಿ ಅವರು ಕಾಂಗ್ರೆಸ್ಸಿಗೆ ಬಂದರು. ಪ್ರಚಾರಕ್ಕೆ ಹೋದಾಗ ಎಷ್ಟೋ ಹಳ್ಳಿಯಲ್ಲಿ ಜನರೇ ದುಡ್ಡು ಎತ್ತಿ ಕೈಗೆ ಕೊಟ್ಟು ಕಳಿಸಿದರು. ಆ ಕಡೆ ಬಿಜೆಪಿಯಿಂದ ಬಿ.ವೈ. ವಿಜಯೇಂದ್ರ ಬಂದು ಕೂತಿದ್ದರು. ಕೆ.ಆರ್. ಪೇಟೆ, ಶಿರಾ ಉಪಚುನಾವಣೆ ಗೆಲ್ಲಿಸಿದವರು ಅಂತ ಭಾರೀ ನಿರೀಕ್ಷೆ. ಇಲ್ಲಿ ಅದು ನಡೆಯಲಿಲ್ಲ.

ಗುಳೆ ಹೋದವ

ನಾನು ತುರ್ವಿಹಾಳ ಊರಿನ ಹತ್ತಿರದ ಹಳ್ಳಿಯವನು. ಬೆಂಗಳೂರಲ್ಲಿ ಗಾರೆ ಕೆಲಸ. ಎಲ್ಲರೂ ಪಕ್ಷ, ಜಾತಿ ಹೇಳಿದಿರಿ. ನಮ್ಮಂಥವರ ಓಟಿನ ಬಗ್ಗೆ ಯಾರೂ ಹೇಳಲಿಲ್ಲ.

ಏಪ್ರಿಲ್, ಮೇ ಅಂದರೆ ನಮ್ಮ ಕಡೆ ಅರ್ಧ ಊರು ಖಾಲಿ. ಚುನಾವಣೆ ಬರುವುದೂ ಆಗಲೇ. 2018 ಮೇ, 2021 ಏಪ್ರಿಲ್, 2023 ಮೇ. ಬೇರೆ ಸಲ ಪಾರ್ಟಿಯವರೇ ಬಸ್ಸು ಮಾಡಿ ಕರೆಸುತ್ತಾರೆ. ಬಸ್ಸು ಮಾಡಿದವರಿಗೇ ಓಟು ಹಾಕು ಅಂತ ದಾರಿಯುದ್ದಕ್ಕೂ ಹೇಳುತ್ತಾರೆ. 2021ರಲ್ಲಿ ಸಾರಿಗೆ ನೌಕರರ ಮುಷ್ಕರ ಬೇರೆ ನಡೆದಿತ್ತು. ಏಪ್ರಿಲ್ 7ರಿಂದ ಸರ್ಕಾರಿ ಬಸ್ಸು ಇಲ್ಲ. ಕೊರೊನಾ ಎರಡನೇ ಅಲೆ ಏರುತ್ತಿತ್ತು. ಆದರೂ ನಮ್ಮ ಸೈಟಿನವರು ಸೇರಿ ಒಂದು ಕ್ರೂಸರ್ ಮಾಡಿಕೊಂಡು ಬಂದೆವು. ಬಾಡಿಗೆ ನಾವೇ ಹಾಕಿದ್ದು. ಯಾರ ಹಂಗೂ ಇರಲಿಲ್ಲ. ಓಟು ಯಾರಿಗೆ ಹಾಕಿದೆ ಅಂತ ಇಲ್ಲಿ ಬರೆಯುವುದಿಲ್ಲ. ಮನಸ್ಸಿಗೆ ಬಂದವರಿಗೆ ಹಾಕಿದೆ.

ನಮಗೆ ನೀರು ಅಂದರೆ ಊರಲ್ಲೇ ಉಳಿಯುವುದು ಅಂತ ಅರ್ಥ. ಎರಡು ಎಕರೆಗೆ ನೀರು ಬಂದರೆ ನಾನು ಬೆಂಗಳೂರಿಗೆ ಯಾಕೆ ಹೋಗಲಿ? ಮಕ್ಕಳು ಒಂದೇ ಶಾಲೆಯಲ್ಲಿ ಓದುತ್ತವೆ. ಇದನ್ನು ಯಾರು ಮಾಡುತ್ತಾರೋ ಅವರೇ ನಮ್ಮ ಪಾರ್ಟಿ.

ಬಳಗಾನೂರು ಟೀಚರ್

ತಮ್ಮಾ, ಕಣ್ಣು ತುಂಬಿ ಬಂತು. ಮಕ್ಕಳ ಮಾತು ನಿಜ. ನನ್ನ ತರಗತಿಯಲ್ಲಿ ದೀಪಾವಳಿ ಆದಮೇಲೆ ಹಾಜರಿ ಇಳಿಯುತ್ತಾ ಹೋಗುತ್ತದೆ. ಅಪ್ಪ ಅಮ್ಮನ ಜೊತೆ ಹೋದ ಮಕ್ಕಳು ವಾಪಸ್ ಬರುವಾಗ ಓದಲು ಮರೆತಿರುತ್ತವೆ. ಯಾವ ಪ್ರಣಾಳಿಕೆಯಲ್ಲೂ ಈ ಮಕ್ಕಳ ಹೆಸರು ಇರುವುದಿಲ್ಲ.

ಕುಷ್ಟಗಿ ಕಾಕಾ

ಸರಿ, ಹಂಗಾದರೆ 2023? ನೀರಿಗೇ ಓಟು ಅಂದಿರಿ. ಆ ಎರಡು ವರ್ಷದಲ್ಲಿ 5ಎ ಆಗಿರಲಿಲ್ಲ. ಆದರೂ ತುರ್ವಿಹಾಳ ಮತ್ತೆ ಗೆದ್ದರಲ್ಲ?

ಮಸ್ಕಿ ಬೆಟ್ಟ

ಗೆದ್ದರು ಕಾಕಾ, ಆದರೆ ಅಂಕಿ ನೋಡಿ. 2023ರಲ್ಲಿ ತುರ್ವಿಹಾಳ 79,566, ಪಾಟೀಲ 66,513. ಅಂತರ 13,053. ಉಪಚುನಾವಣೆಯ ಅಂತರದ ಅರ್ಧಕ್ಕೂ ಕಡಿಮೆ. ಇನ್ನೊಂದು ಯಾರೂ ಹೇಳದ ಮಾತು ಇದೆ. ಪಾಟೀಲರು 2018ರಲ್ಲಿ ಗೆದ್ದಾಗ ಬಂದಿದ್ದು 60,387. 2023ರಲ್ಲಿ ಸೋತಾಗ ಬಂದಿದ್ದು 66,513. ಸೋತಾಗಲೇ ಜಾಸ್ತಿ! ಜನ ಅವರನ್ನು ಪೂರ್ತಿ ಕೈಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ತುರ್ವಿಹಾಳರಿಗೆ 6,771 ಮತ ಕಡಿಮೆ ಆಯಿತು, ಅದೂ ರಾಜ್ಯದಲ್ಲಿ ಕಾಂಗ್ರೆಸ್ ಅಲೆ ಇದ್ದಾಗ, 135 ಸೀಟು ಬಂದಾಗ. ಜನ ಇವರಿಗೂ ಎಚ್ಚರಿಕೆ ಕೊಟ್ಟಿದ್ದಾರೆ ಅಂತಲೇ ನಾನು ಓದುತ್ತೇನೆ. ಈಗ ಸರ್ಕಾರವೂ ಅವರದೇ ಪಕ್ಷದ್ದು, ಶಾಸಕರೂ ಅವರದೇ. ವಿರೋಧ ಪಕ್ಷದಲ್ಲಿದ್ದೆವು ಅನ್ನುವ ಮಾತು ಮುಂದಿನ ಸಲ ನಡೆಯುವುದಿಲ್ಲ.

ಪಾಮನಕಲ್ಲೂರು ಕಡೆಯವ

ಅದನ್ನೇ ನಾನೂ ಹೇಳುವುದು. ನಮ್ಮ ಹೋರಾಟ ಒಂದು ಪಕ್ಷದ ವಿರುದ್ಧ ಅಲ್ಲ. 2021ರಲ್ಲಿ ಅವರನ್ನು ಕೇಳಿದೆವು, ಈಗ ಇವರನ್ನು ಕೇಳುತ್ತೇವೆ.

ಲಿಂಗಸುಗೂರು ವಕೀಲ

ಒಂದು ಕೆಲಸ ಮಾಡೋಣ. ಇಷ್ಟು ಹೊತ್ತು ಕ್ಷೇತ್ರದ ಒಟ್ಟು ಅಂಕಿ ಇಟ್ಟುಕೊಂಡು ಮಾತಾಡಿದೆವು. ನೀರಿಗೆ ಓಟು ಬಿತ್ತೋ ಇಲ್ಲವೋ ಅಂತ ಗೊತ್ತಾಗುವುದು ಬೂತ್ ಲೆಕ್ಕದಲ್ಲಿ. ಫಾರಂ 20 ಅಂತ ಇರುತ್ತದೆ, ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಅಂತ ಅದರಲ್ಲಿ ಬರುತ್ತದೆ. ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. 2018, 2021, 2023 ಮೂರನ್ನೂ ಇಳಿಸಿಕೊಳ್ಳೋಣ. ಪಾಮನಕಲ್ಲೂರು ಹೋಬಳಿಯ ಒಣಭೂಮಿ ಹಳ್ಳಿಗಳನ್ನು ಒಂದು ಕಡೆ, ತುರ್ವಿಹಾಳ, ಬಳಗಾನೂರು ಕಡೆಯ ಕಾಲುವೆ ಹಳ್ಳಿಗಳನ್ನು ಇನ್ನೊಂದು ಕಡೆ ಇಡೋಣ. ಎರಡೂ ಕಡೆ ಒಂದೇ ಥರ ಏರಿದ್ದರೆ ಅದು ಅನುಕಂಪ, ಜೆಡಿಎಸ್ ಮತ, ಖಾಲಿ ಸೀಟಿನ ಸಿಟ್ಟು. ಒಣಭೂಮಿ ಕಡೆ ಜಾಸ್ತಿ ಏರಿದ್ದರೆ ಅದು 5ಎ. ಒಂದು ಎಚ್ಚರಿಕೆ. ಕೊರೊನಾ ಕಾರಣಕ್ಕೆ 2021ರಲ್ಲಿ ದೊಡ್ಡ ಬೂತ್‌ಗಳನ್ನು ಒಡೆದು ಹೆಚ್ಚುವರಿ ಮತಗಟ್ಟೆ ಮಾಡಿದ್ದರು. ಅದಕ್ಕೆ ಬೂತ್ ನಂಬರ್ ಹಿಡಿದು ಹೋಲಿಸಬೇಡಿ, ಊರಿನ ಹೆಸರು ಹಿಡಿದು ಕೂಡಿಸಿ.

ಸಿಂಧನೂರು ರೈಸ್‌ಮಿಲ್

ಕೂಡಿಸುವ ಕೆಲಸ ನನಗೆ ಬಿಡಿ. ಎಕ್ಸೆಲ್‌ನಲ್ಲಿ ಹಾಕುತ್ತೇನೆ. ಆದರೆ ಯಾವ ಊರಿಗೆ ಕಾಲುವೆ ನೀರು ನಿಜವಾಗಿ ತಲುಪುತ್ತದೆ ಅಂತ ಊರಿನವರೇ ಹೇಳಬೇಕು. ನಕ್ಷೆಯಲ್ಲಿ ಅಚ್ಚುಕಟ್ಟು ಅಂತ ಇದ್ದರೂ ಕೊನೆ ಭಾಗಕ್ಕೆ ನೀರು ಬರದ ಹಳ್ಳಿಗಳು ಬೇಕಾದಷ್ಟಿವೆ. ಅವುಗಳನ್ನು ಮೂರನೇ ಗುಂಪು ಮಾಡಬೇಕು.

ಪಾಮನಕಲ್ಲೂರು ಕಡೆಯವ

ನಮ್ಮ ಹೋಬಳಿ ಪಟ್ಟಿ ನಾನು ಕೊಡುತ್ತೇನೆ. 5ಎ ಬೇಡಿಕೆಯಲ್ಲಿ ಇರುವ ಊರುಗಳಿಗೆ ಗುರುತು ಹಾಕಿ ಕಳಿಸುತ್ತೇನೆ.

ಗುಳೆ ಹೋದವ

ತುರ್ವಿಹಾಳ ಕಡೆದು ನನಗೆ ಗೊತ್ತು. ನೀರು ಬರುವ ಊರು, ಬರದ ಊರು ಎರಡೂ ಬರೆದು ಕಳಿಸುತ್ತೇನೆ. ಅದರ ಜೊತೆ ಯಾವ ಊರಿಂದ ಜಾಸ್ತಿ ಗುಳೆ ಹೋಗುತ್ತಾರೆ ಅಂತಲೂ ಬರೆಯಲಾ ಅಣ್ಣ?

ಸಿಂಧನೂರು ರೈಸ್‌ಮಿಲ್

ಬರೆಯಿರಿ ತಮ್ಮಾ. ಅದಕ್ಕೂ ಒಂದು ಕಾಲಂ ಇಡುತ್ತೇನೆ.